ಬಾತುಗಾಲಿನ ಅಚ್ಚು

ಫೆಲ್ಡ್‌ಸೀಪನ್ ಮನೆಯಲ್ಲಿ ಅಲಗು ಸುಟ್ಟ ಯಜಮಾನನಿಗೆ ಮುಂದಿನ ಊಟ ಅಡುಗೆಮನೆಯ ಬೆಂಚಿನ ಮೇಲೆ.

ಇದನ್ನು ಯಾರೂ ಬರೆದಿಟ್ಟಿರಲಿಲ್ಲ. ಮನೆತನದ ಮೊದಲಿಗ ಪೀಟರ್ ಫೆಲ್ಡ್‌ಸೀಪನ್ ವುಪ್ಪರ್ ಹೊಳೆಯ ದಂಡೆಯಲ್ಲಿ ನೀರಿನ ಚಕ್ರ ಹೂಡಿ ಅಡುಗೆ ಚೂರಿಗಳಿಗೆ ಸಾಣೆ ಹಿಡಿಯತೊಡಗಿದ ಕಾಲದಿಂದ ನಡೆದುಬಂದದ್ದು. ಅವನು ತನ್ನ ಚೂರಿಗಳ ಮೇಲೆ ಬಾತುಕೋಳಿಯ ಪಾದದ ಗುರುತು ಒತ್ತುತ್ತಿದ್ದ. ಜರ್ಮನಿಯ ಸೋಲಿಂಗನ್ ಊರಲ್ಲಿ ಚೂರಿ ಮಾಡುವ ಮನೆಗಳು ಬೀದಿಗೆ ಹತ್ತು. ಒಂದೊಂದು ಮನೆಗೂ ಒಂದೊಂದು ಗುರುತು. ಗುರುತು ಹೊಡೆಯುವ ಅಚ್ಚು ಬೆರಳುದ್ದದ ಉಕ್ಕಿನ ತುಂಡು. ಅದು ಯಾರ ಒಳಕೋಟಿನ ಜೇಬಿನಲ್ಲಿದೆಯೋ ಅವರೇ ಯಜಮಾನರು.

ಫೆಬ್ರವರಿಯ ಮೊದಲಲ್ಲಿ, ಇನ್ನು ದೀಪ ಹಚ್ಚಿಕೊಂಡು ದುಡಿಯಬೇಕಾಗಿಲ್ಲ ಎಂದು ಸಾಣೆಮನೆಯ ದೀಪ ಆರಿಸುವ ದಿನ, ಯಜಮಾನ ತನ್ನ ಸಾಣೆಯವರಿಗೆಲ್ಲ ಮಾಂಸದೂಟ ಹಾಕುತ್ತಾನೆ. ಊಟಕ್ಕೆ ಮುಂಚೆ ತಾನೇ ಕಲ್ಲಿಗೆ ಕೂತು, ಎಲ್ಲರೆದುರು ಒಂದು ದೊಡ್ಡ ಚೂರಿಗೆ ಸಾಣೆ ಹಿಡಿಯುತ್ತಾನೆ. ಅಲಗು ಚೊಕ್ಕವಾಗಿ ಬಂದರೆ ಅಚ್ಚು ಅವನದೇ. ಸಾಕೆನಿಸಿದರೆ ತನಗೆ ಬೇಕಾದವರಿಗೆ ಕೊಟ್ಟು ಗೌರವದಿಂದ ಇಳಿಯಬಹುದು. ಸುಟ್ಟರೆ ಆ ಹಕ್ಕಿಲ್ಲ. ಆಗ ಮನೆಯ ರಕ್ತದವರು ಒಬ್ಬೊಬ್ಬರಾಗಿ ಅದೇ ಕಲ್ಲಿಗೆ ಕೂರಬೇಕು. ಯಾರ ಅಲಗು ಚೊಕ್ಕವೋ ಅಚ್ಚು ಅವರಿಗೆ.

ಪೀಟರ್ ಮುದುಕನಾದಾಗ ಒಂದು ಅಲಗು ಸುಟ್ಟ. ಅವನ ಮಗ ಅಬ್ರಹಾಂ ಆ ಮಧ್ಯಾಹ್ನವೇ ಅಪ್ಪನ ತಟ್ಟೆಯನ್ನು ಮೇಜಿನ ತಲೆಯಿಂದೆತ್ತಿ ಅಡುಗೆಮನೆಯ ಬೆಂಚಿನ ಮೇಲಿಟ್ಟ. ಮುಂದೆ ಅಬ್ರಹಾಂ ಸುಟ್ಟಾಗ ಅವನ ಮಗ ಏವಾಲ್ಟ್ ತಟ್ಟೆ ಎತ್ತಿಟ್ಟದ್ದಲ್ಲದೆ, ಕಲ್ಲಿನಿಂದ ಇಳಿಯುವ ಕೆಸರನ್ನು ಹೊಳೆಗೆ ಸುರಿಯುವ ಕೆಲಸವನ್ನೂ ಅಪ್ಪನಿಗೇ ಹಚ್ಚಿದ. ಅಬ್ರಹಾಂ ಸಾಯುವ ವಾರದವರೆಗೂ ಕೆಸರಿನ ಕೈಗಾಡಿ ತಳ್ಳಿದ. ಏವಾಲ್ಟ್ ಇದನ್ನು ಹೆಂಡದಂಗಡಿಯಲ್ಲಿ ಹೇಳಿಕೊಳ್ಳುತ್ತಿದ್ದ.

"ಬೇರೆ ಮನೇಲಿ ಮುದುಕರು ಕಸುಬು ತಿಂದುಹಾಕ್ತಾರೆ. ನಮ್ಮನೇಲಿ ಕಸುಬು ಮುದುಕರನ್ನ ತಿನ್ನುತ್ತೆ. ಅದಕ್ಕೇ ಮನೆ ನಿಂತಿದೆ."

ಈಗ ಏವಾಲ್ಟ್‌ಗೇ ವಯಸ್ಸಾಗಿತ್ತು. ಅವನಿಗೆ ಕಣ್ಣು ಕಾಣುತ್ತಿರಲಿಲ್ಲ. ಇದು ಗೊತ್ತಿದ್ದದ್ದು ಒಬ್ಬಳಿಗೆ, ಮಗಳು ಆಲ್ವೀನಳಿಗೆ.

ಕಣ್ಣು ಹೋದರೆ ಈ ಕಸುಬಿನಲ್ಲಿ ಏನು ಹೋಯಿತೆಂಬುದನ್ನು ಹೇಳಬೇಕು. ಸಾಣೆ ಹಿಡಿಯುವಾಗ ಒಂದಿಷ್ಟು ಹೆಚ್ಚು ಅದುಮಿದರೆ ಅಲಗು ಕಾದು ಅದರ ಬಾಯಿಯ ಮೇಲೆ ನೀಲಿ ಮೂಡುತ್ತದೆ. ಅಲ್ಲಿ ಉಕ್ಕಿನ ಹದ ಸತ್ತಿತು. ಅದೇ ಸುಟ್ಟ ಅಲಗು. ಆದರೆ ಬಲ್ಲ ಕೈ ಕೊನೆಯ ನಯ ಕೊಟ್ಟಾಗ ಇಡೀ ಅಲಗಿನ ಮೇಲೆ ಒಂದು ತೆಳು ನೀಲಿ ಹೊಳಪು ಏಳುತ್ತದೆ. ಫೆಲ್ಡ್‌ಸೀಪನ್ ಚೂರಿಗಳು ಊರೂರಲ್ಲಿ ಹೆಸರಾದದ್ದು ಆ ಹೊಳಪಿಗೆ. ಒಂದು ನೀಲಿ ಕಸ, ಇನ್ನೊಂದು ನೀಲಿ ಕಿರೀಟ. ಕೈಯಳತೆಯಲ್ಲಿ ಹಿಡಿದು, ಕಿಟಕಿಯ ಬೆಳಕಿಗೆ ವಾಲಿಸಿ ನೋಡಿದರೆ ಮಾತ್ರ ಯಾವುದು ಯಾವುದೆಂದು ತಿಳಿಯುತ್ತದೆ. ದೂರದಿಂದ ಎರಡೂ ಒಂದೇ.

ಕಣ್ಣಿನ ಪರೀಕ್ಷೆ ಮುಗಿದ ಮೇಲೆ ಉಗುರಿನ ಪರೀಕ್ಷೆ. ಅಲಗಿನ ಬಾಯನ್ನು ಹೆಬ್ಬೆರಳ ಉಗುರಿನ ಮೇಲಿಟ್ಟು ಮೆಲ್ಲನೆ ಎಳೆದರೆ, ತೆಳುವಾದ ಬಾಯಿ ಉಗುರಿನ ಮೇಲೆ ಕಿರಿದಾಗಿ ಬಾಗಿ, ಆ ಬಾಗು ಬುಡದಿಂದ ಮೊನೆಯವರೆಗೆ ಓಡಿ, ಹಿಂದೆಯೇ ನೆಟ್ಟಗಾಗಬೇಕು. ಏವಾಲ್ಟ್‌ನ ಉಗುರು ಸೋಲಿಂಗನ್ನಿನಲ್ಲೇ ಹೆಸರುವಾಸಿ. ಕಣ್ಣಿಗೆ ಪೊರೆ ಬಂದ ಮೇಲೆ ಅವನು ಒಂದು ಏರ್ಪಾಡು ಮಾಡಿಕೊಂಡ. ಸಾಣೆಯವರು ಹಿಡಿದು ಮುಗಿಸಿದ ಅಲಗುಗಳ ಬುಟ್ಟಿಗಳು ಬರುವ ಕಟ್ಟೆಯ ಹತ್ತಿರ ಅವನು ನಿಲ್ಲುವನು. ಆಲ್ವೀನ ಅಲಗನ್ನು ಒರೆಸಿ, ನೋಡಿ, ಅವನ ಕೈಗೆ ಕೊಟ್ಟು, ಎಡಗೈಯನ್ನು ಅವನ ಭುಜದ ಮೇಲಿಡುವಳು. ಒಂದು ಸಲ ಒತ್ತಿದರೆ ಚೊಕ್ಕ. ಎರಡು ಸಲ ಒತ್ತಿದರೆ ಸುಟ್ಟಿದೆ. ಅವನು ಕಿಟಕಿಯ ಕಡೆ ಮುಖ ಮಾಡಿ ಹುಬ್ಬು ಗಂಟಿಕ್ಕಿ ತೀರ್ಪು ಹೇಳುವನು. ಅಪ್ಪನ ಮೇಲೆ ಎಷ್ಟು ಪ್ರೀತಿ ನೋಡಿ ಎಂದು ಜನ ಅಂದುಕೊಂಡರು.

ಹೂಗೋ ಅವಳನ್ನು ಮದುವೆಗೆ ಕೇಳಲು ಬಂದದ್ದು ಆ ಕಾಲದಲ್ಲೇ.

ಹೂಗೋ ಹೊಳೆದಂಡೆಯ ಸಾಣೆಯವ. ಮಹಾಯುದ್ಧದಿಂದ ಮರಳಿದವರಲ್ಲಿ ಅವನ ಕೈಯಂಥ ಕೈ ಇರಲಿಲ್ಲ. ಭಾನುವಾರದ ಕೋಟು ತೊಟ್ಟು ಬಂದು, ಕಾಫಿಯ ಮೇಜಿನೆದುರು ಕೂತು, ಟೋಪಿಯನ್ನು ಮೊಣಕಾಲ ಮೇಲಿಟ್ಟುಕೊಂಡು ಮಾತಾಡಿದ. ಏವಾಲ್ಟ್ ಹೂಂ ಅನ್ನಲಿಲ್ಲ, ಊಹೂಂ ಅನ್ನಲಿಲ್ಲ. ಚೆರ್ರಿ ಹಾಕಿದ ವಾಫಲ್ ಇನ್ನೊಂದು ತುಂಡು ತಿನ್ನಲು ಹೇಳಿದ. ಅವನು ಹೋದ ಮೇಲೆ ಮಗಳನ್ನು ಕರೆದ.

"ಹೂಗೋ ಬುಟ್ಟಿ ಬಂದಾಗ ಎರಡು ಸಲ ಒತ್ತು."

"ಅವನ ಅಲಗು ಯಾವತ್ತೂ ಸುಟ್ಟಿಲ್ಲ, ಅಪ್ಪ."

"ನಾನೇನು ಸುಟ್ಟಿದೆಯಾ ಅಂತ ಕೇಳಿದ್ನಾ? ನೀನು ಅವನ ಹಿಂದೆ ಹೋದ್ರೆ ನನ್ನ ಭುಜದ ಮೇಲೆ ಯಾರ ಕೈ ಇರುತ್ತೆ?" ಜೇಬಿನಿಂದ ಅಚ್ಚನ್ನು ತೆಗೆದು ಮೇಜಿನ ಮೇಲೆ ಉರುಳಿಸಿದ. "ನಿನ್ನ ತಮ್ಮ ಆರ್ತುರ್‌ಗೆ ಕಸುಬು ಬೇಡ, ಕಾರು ಬೇಕು. ಇದು ನಿನ್ನ ಕೈಗೇ ಬರೋದು. ಗಂಡ ಬೇಕೋ ಇದು ಬೇಕೋ, ನೋಡ್ಕೋ."

ಆಲ್ವೀನ ಅಚ್ಚನ್ನು ನೋಡಿದಳು. ಯುದ್ಧದ ವರ್ಷಗಳಲ್ಲಿ ಗಂಡಸರು ಗಡಿಗೆ ಹೋದಾಗ ಅವಳೇ ಕಲ್ಲಿಗೆ ಕೂತಿದ್ದಳು. ಮಂಡಿಯ ಮೇಲೆ ಹಲಗೆ, ಮುಖಕ್ಕೆ ತಣ್ಣೀರಿನ ಎರಚಲು, ಕೈಯೊಳಗೆ ಅಲಗಿನ ಸಣ್ಣ ನಡುಕ. ಬದುಕಿನಲ್ಲಿ ಅವಳಿಗೆ ಬೇಕೆನಿಸಿದ್ದು ಅದೊಂದೇ. ಗಂಡಸರು ಮರಳಿದ ದಿನ ಅಪ್ಪ ಅವಳನ್ನು ಕಲ್ಲಿನಿಂದ ಎಬ್ಬಿಸಿ ಆಲೂಗಡ್ಡೆ ಸುಲಿಯಲು ಕಳಿಸಿದ್ದ.

ಆ ವಾರ ಟ್ರೀನಾ ಅತ್ತೆ ಹೂಗೋನ ಬುಟ್ಟಿಯನ್ನು ತಲೆಯ ಮೇಲೆ ಹೊತ್ತು ಹೊಳೆಯಿಂದ ದಿನ್ನೆ ಹತ್ತಿ ಬಂದಳು. ಟ್ರೀನಾ ಅಲಗು ಹೊರುವ ಹೆಂಗಸು, ಊರಿಗೆಲ್ಲ ಅತ್ತೆ. ಹಿಂದೆಯೇ ಹೂಗೋ ಬಂದ. ಆಲ್ವೀನ ಮೊದಲ ಅಲಗನ್ನು ಒರೆಸಿದಳು. ಅದು ಬೆಳಗಿನ ಆಕಾಶದ ಹಾಗೆ ಚೊಕ್ಕವಾಗಿತ್ತು. ಅವಳು ಎರಡು ಸಲ ಒತ್ತಿದಳು.

"ಸುಟ್ಟಿದೆ," ಅಂದ ಏವಾಲ್ಟ್.

ಹೂಗೋ ನಕ್ಕ. ತಮಾಷೆ ಅಂದುಕೊಂಡ. ಎರಡನೆಯದೂ ಸುಟ್ಟಿತ್ತು. ಮೂರನೆಯದೂ.

"ಉಗುರಿಗಿಟ್ಟು ನೋಡಿ, ಯಜಮಾನ್ರೇ. ಒಂದೇ ಸಲ ಉಗುರಿಗಿಟ್ಟು ನೋಡಿ."

"ಕಣ್ಣಿಗೆ ನೀಲಿ ಕಂಡದ್ದನ್ನ ನಾನು ಉಗುರಿಗೆ ಇಡಲ್ಲ. ನನ್ನ ಉಗುರು ಕಸ ಗುಡಿಸೋಕಲ್ಲ ಇರೋದು."

ಹೂಗೋ ಆಲ್ವೀನಳ ಕಡೆ ನೋಡಿದ. ಅವಳು ನಾಲ್ಕನೆಯ ಅಲಗನ್ನು ಒರೆಸುತ್ತಿದ್ದಳು. ಬುಟ್ಟಿ ಪೂರ್ತಿ ಹಾಗೇ ಹೋಯಿತು. ಬುಟ್ಟಿಗಟ್ಟಲೆ ಸುಟ್ಟ ಸಾಣೆಯವನಿಗೆ ಬೇರೆ ಯಾವ ಮನೆಯೂ ಅಲಗು ಕೊಡಲಿಲ್ಲ. ಅವನು ರೈಲಿನ ನಿಲ್ದಾಣದಲ್ಲಿ ಕಲ್ಲಿದ್ದಲು ಇಳಿಸುವ ಕೆಲಸಕ್ಕೆ ಸೇರಿದ.

ಎರಡು ವರ್ಷ ಕಳೆಯಿತು. ಆಲ್ವೀನಳಿಗೆ ಮೂವತ್ತಾರಾಯಿತು. ಕೊಟ್ಟದ್ದನ್ನು ಕೊಟ್ಟಾಗಿತ್ತು, ಬರಬೇಕಾದ್ದು ಜೇಬಿನಿಂದ ಹೊರಗೆ ಬಂದಿರಲಿಲ್ಲ.

ದೀಪ ಆರಿಸುವ ದಿನಕ್ಕೆ ಮುಂಚಿನ ಭಾನುವಾರ ತಮ್ಮ ಆರ್ತುರ್ ಕಲೋನ್ ಊರಿನಿಂದ ಬಂದ. ಮನೆಯ ಚೂರಿಗಳನ್ನು ಊರೂರು ಸುತ್ತಿ ಮಾರುವುದು ಅವನ ಕೆಲಸ. ಹಳದಿ ಕೈಗವುಸು, ಕೂದಲಿಗೆ ಎಣ್ಣೆ. ಅಡುಗೆಮನೆಯಲ್ಲಿ ಅಕ್ಕ ಈರುಳ್ಳಿ ಹೆಚ್ಚುತ್ತಿದ್ದಾಗ ಬಾಗಿಲಿಗೆ ಒರಗಿ ನಿಂತ.

"ಅಪ್ಪ ಹೇಳಿದ್ರಾ ನಿಂಗೆ?"

"ಏನು?"

"ಈ ವರ್ಷ ಇಳೀತಾರಂತೆ. ಅಲಗು ಚೊಕ್ಕ ಮಾಡಿ, ಅಚ್ಚು ನನಗೆ ಕೊಟ್ಟು."

ಆಲ್ವೀನ ಹೆಚ್ಚುವುದನ್ನು ನಿಲ್ಲಿಸಲಿಲ್ಲ.

"ಮುಖ ಯಾಕೆ ಹಾಗ್ಮಾಡ್ತೀಯ? ಈರುಳ್ಳೀನಾ? ನೋಡು, ಸಾಣೆ ಗೀಣೆ ಎಲ್ಲ ಮುಗೀತು ಅಕ್ಕ. ತಗಡಲ್ಲಿ ಒತ್ತಿ ತೆಗೀತಾರೆ ಈಗ ಅಲಗು, ಬಿಸ್ಕತ್ತು ತೆಗೆದ ಹಾಗೆ. ಅದರ ಮೇಲೆ ನಮ್ಮ ಬಾತುಗಾಲು ಹೊಡೆದ್ರೆ ಆಯ್ತು. ಹೊಳೇ ಹತ್ರದ ಸಾಣೆಮನೆ ಮಾರಿಬಿಡ್ತೀನಿ. ನೀನು ನಮ್ಮನೇಗೆ ಬಾ. ಮಕ್ಕಳನ್ನ ನೋಡ್ಕೊಳ್ಳೋಕೆ ಒಬ್ಬರು ಬೇಕು, ನನ್ನ ಹೆಂಡ್ತಿಗೆ ಬೆನ್ನುನೋವು."

"ಅಪ್ಪಂಗೆ ಗೊತ್ತಾ, ತಗಡಿನ ವಿಷಯ?"

"ಅವರಿಗೆ ಯಾಕೆ ಬೇಕು ಅದೆಲ್ಲ. ಮುದುಕರು."

ಅವಳು ಅಪ್ಪನ ಹತ್ತಿರ ಹೋದಳು. ಅವನು ಒಲೆಯ ಮುಂದೆ ಕೂತು ಕಪ್ಪು ರೊಟ್ಟಿ, ಬೆಣ್ಣೆ, ಹೊಗೆಯಲ್ಲಿ ಆರಿಸಿದ ಸಾಸೇಜ್ ತಿನ್ನುತ್ತಿದ್ದ.

"ಆರ್ತುರ್‌ಗೆ ಕೊಡ್ತೀರಂತೆ."

"ಹೂಂ."

"ನನಗೆ ಅಂದಿದ್ರಿ."

"ಅಂದಿದ್ದೆ." ಅವನು ಸಾಸಿವೆಯ ಬಟ್ಟಲಿಗಾಗಿ ತಡಕಾಡಿದ; ಅವಳು ಅವನ ಕೈಯತ್ತ ಸರಿಸಿದಳು. "ಅನ್ನದೆ ಇದ್ದಿದ್ರೆ ನೀನು ಹೋಗ್ಬಿಡ್ತಿದ್ದೆ. ಹೆಂಗಸಿನ ಜೇಬಲ್ಲಿ ಅಚ್ಚು ಇಟ್ರೆ ಸಾಣೆಯವರು ನಗ್ತಾರೆ. ನಿಂಗೆ ಊಟಕ್ಕೆ, ಮಲಗೋಕೆ ಜಾಗ ಕೊಡು ಅಂತ ಅವನಿಗೆ ಹೇಳಿದೀನಿ. ಇನ್ನೇನು ಬೇಕು?"

ಆಲ್ವೀನ ತಟ್ಟೆ ತೆಗೆದುಕೊಂಡು ಹೋಗಿ ತೊಳೆದಳು.

ದೀಪ ಆರಿಸುವ ದಿನ ಹೊಳೆ ಅಂಚುಗಳಲ್ಲಿ ಹೆಪ್ಪುಗಟ್ಟಿತ್ತು. ಸಾಣೆಮನೆಯೊಳಗೆ ಜನ ಗೋಡೆಗೆ ಒತ್ತಿಕೊಂಡು ನಿಂತಿದ್ದರು. ಹಿಂದೆ ಯಾವಾಗಾದರೂ ಈ ಮನೆಗೆ ಸಾಣೆ ಹಿಡಿದವರು ಆ ದಿನದ ಊಟಕ್ಕೆ ಬರಬಹುದು. ಹಾಗಾಗಿ ಹೂಗೋ ಕೂಡ ಬಂದು ಬಾಗಿಲ ಬಳಿ ನಿಂತಿದ್ದ. ಕಲ್ಲಿದ್ದಲಿನ ಮಸಿ ಅವನ ಉಗುರುಗಳಿಂದ ಹೋಗಿರಲಿಲ್ಲ.

ಏವಾಲ್ಟ್ ಕಲ್ಲಿಗೆ ಕೂತ. ನೀರಿನ ಬಾಗಿಲು ಎತ್ತಿದರು. ಆಳೆತ್ತರದ ಕಲ್ಲು ಮೆಲ್ಲಗೆ, ಆಮೇಲೆ ಜೋರಾಗಿ ತಿರುಗತೊಡಗಿತು. ಅವನಿಗೆ ಕಣ್ಣಿನ ಅಗತ್ಯವಿರಲಿಲ್ಲ. ಕಲ್ಲಿನ ಸದ್ದಿನಿಂದ, ಅಂಗೈಗೆ ತಾಗುವ ಬಿಸಿಯಿಂದ, ಅಲಗಿನ ನಡುಕದಿಂದ ಅವನು ಎಲ್ಲವನ್ನೂ ತಿಳಿಯುತ್ತಿದ್ದ. ಒಂದು ತಾಸು ಕಲ್ಲು ತಿರುಗಿತು. ಆಮೇಲೆ ಅವನು ಚರ್ಮ ಸುತ್ತಿದ ಚಕ್ರಕ್ಕೆ ಸರಿದು ಕೊನೆಯ ನಯ ಕೊಟ್ಟ. ಎದ್ದು ನಿಂತಾಗ ಕೈಯಲ್ಲಿದ್ದ ಅಲಗು ನೀಲಿಯಾಗಿ ಮಿನುಗಿತು. ಯಾವ ನೀಲಿಯೆಂದು ಗೋಡೆಯ ಬಳಿ ನಿಂತವರಿಗೆ ತಿಳಿಯುವಂತಿರಲಿಲ್ಲ.

ಅವನು ಅಲಗನ್ನು ಆಲ್ವೀನಳಿಗೆ ಕೊಟ್ಟ. ಅವಳು ಕೆಸರು ಒರೆಸಿದಳು. ಕಿಟಕಿಯ ಬೆಳಕಿಗೆ ವಾಲಿಸಿದಳು.

ಅಷ್ಟು ಚೊಕ್ಕವಾದ ಅಲಗನ್ನು ಅವಳು ಆವರೆಗೆ ನೋಡಿರಲಿಲ್ಲ. ಬುಡದಿಂದ ಮೊನೆಯವರೆಗೆ ಒಂದೇ ಉಸಿರಿನಲ್ಲಿ ಎಳೆದ ಹಾಗಿತ್ತು. ಅದನ್ನು ಮಾಡಿದ ಮುದುಕನಿಗೆ ಅದು ಕಾಣುವಂತಿರಲಿಲ್ಲ. ಆ ಕೋಣೆಯಲ್ಲಿ ಅದನ್ನು ಕಂಡವಳು ಅವಳೊಬ್ಬಳೇ.

ಅವಳು ಅಲಗನ್ನು ಅಪ್ಪನ ಕೈಗೆ ಕೊಟ್ಟು ಭುಜದ ಮೇಲೆ ಕೈಯಿಟ್ಟಳು. ಒತ್ತಿದಳು. ಮತ್ತೆ ಒತ್ತಿದಳು.

ಕೈಕೆಳಗಿನ ಭುಜ ಬಿಗಿಯಿತು. ಏವಾಲ್ಟ್ ಬಹಳ ಹೊತ್ತು ಕಿಟಕಿಯ ಕಡೆ ಮುಖ ಮಾಡಿ ನಿಂತ. ತುಟಿ ಅಲುಗದ ಹಾಗೆ ಅಂದ:

"ಇನ್ನೊಂದ್ಸಲ ನೋಡು."

"ನೋಡ್ದೆ, ಅಪ್ಪ."

ಅವನ ಹೆಬ್ಬೆರಳು ಅಲಗಿನ ಬಾಯಿಯ ಹತ್ತಿರ ಬಂತು, ನಿಂತಿತು. ನೀಲಿ ಕಂಡದ್ದನ್ನು ಉಗುರಿಗೆ ಇಡುವುದಿಲ್ಲವೆಂದು ಇಡೀ ಊರಿಗೆ ಸಾರಿದವನು ಅವನೇ. ಇನ್ನೊಬ್ಬನನ್ನು ಕರೆದು ನೋಡಿಸೋಣವೆಂದರೆ, ನಿಮ್ಮ ಕಣ್ಣಿಗೇನಾಯ್ತು ಅನ್ನುತ್ತಾರೆ. ಆಗ ಇಷ್ಟು ವರ್ಷ ಹೇಳಿದ ತೀರ್ಪುಗಳೆಲ್ಲ ಯಾರವು ಎಂಬ ಮಾತು ಬರುತ್ತದೆ. ಕುರುಡನೆಂದು ತಿಳಿದ ಕ್ಷಣ ಅಚ್ಚು ಹೇಗೂ ಹೋಯಿತು. ಅವನು ಎಲ್ಲ ದಾರಿಗಳನ್ನೂ ಒಂದೊಂದಾಗಿ ತಡವಿ ನೋಡುವುದು ಆಲ್ವೀನಳ ಕೈಗೆ ಗೊತ್ತಾಗುತ್ತಿತ್ತು.

"ಸುಟ್ಟಿದೆ," ಅಂದ ಏವಾಲ್ಟ್ ಗಟ್ಟಿಯಾಗಿ.

ಸುಟ್ಟ ಅಲಗನ್ನು ಅಲ್ಲೇ ಮುರಿಯಬೇಕು. ಅವನೇ ಅದನ್ನು ಮೇಜಿಗೆ ಕೂರಿಸಿದ ಇಕ್ಕಳದಲ್ಲಿ ಬಿಗಿದು, ತಡವಿ, ಸುತ್ತಿಗೆ ಎತ್ತಿ ಹೊಡೆದ. ತುಂಡು ಹಾರಿ ಕೆಸರಿನಲ್ಲಿ ಬಿತ್ತು. ಯಾರೋ ಕೆಮ್ಮಿದರು. ಮೂಲೆಯಲ್ಲಿ ಒಬ್ಬ ಸಾಣೆಯವ ಪಕ್ಕದವನಿಗೆ, "ಮಾಂಸ ತಣ್ಣಗಾಗೋ ಹೊತ್ತಿಗೆ ಮುಗಿದ್ರೆ ಸಾಕಪ್ಪ," ಅಂದ. ಏವಾಲ್ಟ್‌ಗಾಗಿ ಮರುಗುವವರು ಅಲ್ಲಿ ಇರಲಿಲ್ಲ.

ಮಗನ ಸರದಿ ಮೊದಲು. ಆರ್ತುರ್ ಕೈಗವುಸು ಬಿಚ್ಚಿದ. ಹುಡುಗನಾಗಿದ್ದಾಗ ಮೂರು ವರ್ಷ ಕಲಿತವನು, ಇಲ್ಲವೆನ್ನಲು ಮುಖವಿರಲಿಲ್ಲ. ಕೂತ. ಪ್ಯಾಂಟಿಗೆ ಎರಚಿದ ನೀರು ನೋಡಿ ಹಿಂದೆ ಸರಿದ.

"ನೀರು ಕಣಪ್ಪ ಅದು, ಕಚ್ಚಲ್ಲ," ಅಂದಳು ಟ್ರೀನಾ ಅತ್ತೆ. "ಮುಂದಕ್ಕೆ ಕೂರು. ಮದುವೆ ಹೆಣ್ಣಿನ ಹಾಗೆ ಕೂತಿದೀಯ."

ಎಲ್ಲರೂ ನಕ್ಕರು. ಆರ್ತುರ್ ಕೆಂಪಗಾಗಿ ಅಲಗನ್ನು ಅದುಮಿದ. ಇನ್ನೂ ಅದುಮಿದ. ಕಬ್ಬಿಣ ಕಾದ ವಾಸನೆ ಕೋಣೆಯೆಲ್ಲ ತುಂಬಿತು. ಇದನ್ನು ನೋಡಲು ಯಾರೂ ಕಿಟಕಿಗೆ ಹೋಗಬೇಕಾಗಿರಲಿಲ್ಲ; ಮೊನೆ ನವಿಲಿನ ಕೊರಳಿನಂತೆ ನೀಲಿಯಾಗಿತ್ತು.

"ಮೂಗಿಗೇ ಗೊತ್ತಾಯ್ತು," ಅಂದ ಏವಾಲ್ಟ್. "ಎದ್ದೇಳು."

ಆಲ್ವೀನ ಮುಂದೆ ಬಂದಳು. ಆಗ ಹಿರಿಯ ಸಾಣೆಯವನೊಬ್ಬ, "ಹೆಂಗಸು ಕಲ್ಲಿಗೆ ಕೂರೋ ಹಾಗಿಲ್ಲ," ಅಂದ.

"ಯುದ್ಧದಲ್ಲಿ ಅವಳು ಕೂತಿದ್ದಾಗ ನೀನು ಎಲ್ಲಿದ್ದೆ?" ಅಂದಳು ಟ್ರೀನಾ. "ಬೆಲ್ಜಿಯಮ್ಮಲ್ಲಿ ಹೇನು ಹೆಕ್ತಿದ್ದೆ."

ಎಲ್ಲರೂ ಏವಾಲ್ಟ್‌ನ ಕಡೆ ತಿರುಗಿದರು. ಮಾತು ಇನ್ನೂ ಅವನದೇ.

"ಮನೆ ರಕ್ತ ಅಂತ ಇರೋದು. ಗಂಡು ಹೆಣ್ಣು ಅಂತ ಇಲ್ಲ," ಅಂದ ಅವನು. "ಕೂರಲಿ. ಸುಟ್ರೆ ಅವಳ ತಟ್ಟೇನೂ ನನ್ನ ಪಕ್ಕದ ಬೆಂಚಿಗೇ ಬರುತ್ತೆ."

ಅವಳು ಸೊಂಟಕ್ಕೆ ಗೋಣಿಬಟ್ಟೆ ಕಟ್ಟಿ ಕೂತಳು. ಕಲ್ಲು ತಿರುಗಿತು. ಹತ್ತು ವರ್ಷ ಅವಳ ಕೈ ಕಾದಿದ್ದದ್ದು ಇದಕ್ಕೆ. ಮೊದಲ ಎಳೆತದಲ್ಲಿ ಅಲಗು ಹಾರಿತು, ಎರಡನೆಯದರಲ್ಲಿ ಹಿಡಿತಕ್ಕೆ ಬಂತು. ತಣ್ಣೀರು ತೋಳುಗಳ ಮೇಲೆ ಹರಿಯಿತು. ಅವಳು ಹೂಗೋನ ಕಡೆ ನೋಡಲಿಲ್ಲ, ಅಪ್ಪನ ಕಡೆ ನೋಡಲಿಲ್ಲ. ಅಲಗು ಬಿಸಿಯೇರುವ ಮುಂಚೆಯೇ ಎತ್ತುತ್ತ, ಮತ್ತೆ ಇಡುತ್ತ ಹೋದಳು. ಅಷ್ಟು ಹೊತ್ತು ಅವಳು ಸುಖವಾಗಿದ್ದಳು.

ಮುಗಿದ ಮೇಲೆ ಅಲಗನ್ನು ಒರೆಸಿ ಅಪ್ಪನ ಕೈಗಿಟ್ಟಳು. ಇಳಿಯುವ ಯಜಮಾನನೇ ತೀರ್ಪು ಹೇಳಬೇಕು. ಅವಳ ಅಲಗಿಗೆ ಅವಳೇ ಭುಜ ಒತ್ತುವ ಹಾಗಿಲ್ಲ. ಆಲ್ವೀನ ಎರಡು ಹೆಜ್ಜೆ ಹಿಂದೆ ಸರಿದು ಕೈ ಕಟ್ಟಿಕೊಂಡು ನಿಂತಳು.

ಏವಾಲ್ಟ್ ಅಲಗನ್ನು ಕಿಟಕಿಯ ಕಡೆ ಎತ್ತಿದ. ವಾಲಿಸಿದ. ಹುಬ್ಬು ಗಂಟಿಕ್ಕಿದ. ಏನೂ ಕಾಣದ ಆ ಎರಡು ಬಿಳಿ ಕಣ್ಣುಗಳು ಅಲಗಿನ ಉದ್ದಕ್ಕೂ ಸರಿದವು. ಅವನು ಒಂದೇ ಮಾತು ಅಂದರೆ ಸಾಕಾಗಿತ್ತು. ಇಲ್ಲವೆನ್ನುವವರು ಯಾರೂ ಇರಲಿಲ್ಲ. ಇಬ್ಬರದೂ ಸುಟ್ಟಿತೆಂದಾದರೆ ಅಚ್ಚು ಮಗನಿಗೇ ಹೋಗುತ್ತಿತ್ತು, ಅವಳು ತಮ್ಮನ ಮಕ್ಕಳ ಮೂಗು ಒರೆಸಲು ಹೋಗುತ್ತಿದ್ದಳು.

ಅವನು ಅಲಗನ್ನು ಇಳಿಸಿ ಉಗುರಿಗಿಟ್ಟ. ಎಳೆದ. ಬಾಗು ಬುಡದಿಂದ ಮೊನೆಯವರೆಗೆ ನಿಲ್ಲದೆ ಓಡಿತು.

"ಚೊಕ್ಕ," ಅಂದ.

ಜೇಬಿನಿಂದ ಅಚ್ಚು ತೆಗೆದು ಕೈ ಚಾಚಿದ. ಅವಳು ಹತ್ತಿರ ಬಂದಾಗ ಅವಳ ಮಣಿಕಟ್ಟು ಹಿಡಿದು ಕಿವಿಯ ಹತ್ತಿರ ಬಾಗಿದ. ಅವನ ಬಾಯಲ್ಲಿ ಹೆಂಡದ ವಾಸನೆ ಇತ್ತು.

"ಸುಡೋ ಅಲಗು ಕೈಗೆ ಗೊತ್ತಾಗುತ್ತೆ ಮಗಳೇ. ನನ್ನದು ತಣ್ಣಗಿತ್ತು." ಅಚ್ಚನ್ನು ಅವಳ ಅಂಗೈಯಲ್ಲಿಟ್ಟು ಬೆರಳುಗಳನ್ನು ಮುಚ್ಚಿದ. "ಆರ್ತುರ್‌ಗೆ ಇಷ್ಟು ಎದೆ ಇಲ್ಲ. ಮನೆ ನಡೆಸೋಕೆ ನೀನೇ ಸರಿ."

ಆ ಮಧ್ಯಾಹ್ನ ಆಲ್ವೀನ ಮೇಜಿನ ತಲೆಗೆ ಕೂತಳು. ಮಾಂಸ ಬಡಿಸುವ ಮೊದಲು ಎದ್ದು, ಅಪ್ಪನ ತಟ್ಟೆಯನ್ನು ತಾನೇ ಎತ್ತಿಕೊಂಡು ಅಡುಗೆಮನೆಗೆ ಹೋಗಿ ಬೆಂಚಿನ ಮೇಲಿಟ್ಟು ಬಂದಳು. ಸಾಣೆಯವರು ತಮ್ಮ ತಮ್ಮ ತಟ್ಟೆಯನ್ನೇ ನೋಡುತ್ತ ತಿಂದರು. ಆರ್ತುರ್ ಊಟಕ್ಕೆ ನಿಲ್ಲಲಿಲ್ಲ.

ಮುಂದಿನ ವಾರ ಹೂಗೋ ಕಟ್ಟೆಯ ಹತ್ತಿರ ಬಂದ. ಬೇರೆ ಯಾರೂ ಇರಲಿಲ್ಲ. ಕರವಸ್ತ್ರ ಬಿಚ್ಚಿ ಒಂದು ತುಂಡು ಉಕ್ಕನ್ನು ಕಟ್ಟೆಯ ಮೇಲಿಟ್ಟ. ಏವಾಲ್ಟ್ ಮುರಿದ ಅಲಗಿನ ಮೊನೆ. ಕೆಸರಿನಿಂದ ಹೆಕ್ಕಿ ತೊಳೆದಿದ್ದ.

"ಇದು ಸುಟ್ಟಿಲ್ಲ, ಆಲ್ವೀನ."

ಅವಳು ಕೈಯಲ್ಲಿದ್ದ ಬಟ್ಟೆಯನ್ನು ಕಟ್ಟೆಯ ಮೇಲಿಟ್ಟಳು.

"ನಾನು ಜಗಳಕ್ಕೆ ಬಂದಿಲ್ಲ. ನಿಮ್ಮಪ್ಪಂಗೆ ಆಗ್ಬೇಕಾದ್ದೇ ಆಯ್ತು. ನನಗೆ ಕಲ್ಲು ವಾಪಸ್ ಕೊಡು ಅಂತಾನೂ ಕೇಳಲ್ಲ." ಅವನು ತನ್ನ ಕೈಗಳನ್ನು ಕಟ್ಟೆಯ ಮೇಲೆ ಅಂಗಾತ ಇಟ್ಟ. "ಎರಡು ವರ್ಷದಿಂದ ಈ ಕೈ ನೋಡ್ಕೊಂಡು ಕೂತಿದೀನಿ. ಯಾವಾಗ ಕೆಟ್ಟೋಯ್ತು ಇದು, ನಂಗೇ ಗೊತ್ತಾಗ್ದೆ ಹೇಗೆ ಕೆಟ್ಟೋಯ್ತು ಅಂತ. ಇಡೀ ಬುಟ್ಟಿ ಸುಟ್ಟು ಹಾಕಿದೀನಿ ಅಂದ್ರೆ ನಾನು ಎಂಥ ಸಾಣೆಯವ? ಇದನ್ನ ನೋಡಿದ ಮೇಲೆ ಅನ್ನಿಸ್ತು. ನನ್ನದೂ ಹೀಗೇ ಇತ್ತಾ? ಅಷ್ಟೇ ಹೇಳು. ಯಾರ ಹತ್ರಾನೂ ಬಾಯಿ ಬಿಡಲ್ಲ. ನನಗೋಸ್ಕರ."

ಹೌದು ಎಂದರೆ ಅವನ ಕೈ ಅವನಿಗೆ ಮರಳುತ್ತಿತ್ತು. ಹೌದು ಎಂದರೆ ಈ ಕಟ್ಟೆಯ ಮೇಲೆ ಹೇಳಿದ ಒಂದು ತೀರ್ಪು ಸುಳ್ಳಾಗುತ್ತಿತ್ತು. ಒಂದು ಸುಳ್ಳಾದ ಕಟ್ಟೆಯಲ್ಲಿ ಇನ್ನೊಂದನ್ನು ಯಾರು ನಂಬುತ್ತಾರೆ, ಅದೂ ಹೆಂಗಸು ನಿಂತ ಕಟ್ಟೆಯಲ್ಲಿ. ಆಲ್ವೀನ ಆ ಲೆಕ್ಕ ಹಾಕಲು ತಡಮಾಡಲಿಲ್ಲ. ತುಂಡನ್ನು ಎತ್ತಿ ಕಿಟಕಿಗೆ ಹೋದಳು. ವಾಲಿಸಿ ನೋಡಿದಳು. ಚೊಕ್ಕವಾಗಿತ್ತು.

"ಸುಟ್ಟಿದೆ," ಅಂದಳು.

"ಎಲ್ಲಿ?"

"ಇಲ್ಲಿ. ಕಾಣಿಸ್ತಿಲ್ವಾ ನಿಂಗೆ?"

ಹೂಗೋ ಬಾಗಿ ನೋಡಿದ. ಮಸಿ ಹಿಡಿದ ಬೆರಳುಗಳಿಂದ ಕಣ್ಣು ಉಜ್ಜಿಕೊಂಡು ಮತ್ತೆ ನೋಡಿದ.

"ನಂಗೆ ಅದು ನಯದ ನೀಲಿ ಅನ್ಸುತ್ತೆ."

"ಎರಡು ವರ್ಷ ಕಲ್ಲಿದ್ದಲು ಹೊತ್ತಿದೀಯ ಹೂಗೋ. ಕಣ್ಣಲ್ಲಿ ಇನ್ನೇನು ಉಳಿದಿರುತ್ತೆ?"

ಅವನು ಇನ್ನೂ ಬಾಗಿಯೇ ಇದ್ದ. ಕಿವಿಯ ಹಿಂದೆ ಕೂದಲು ನರೆತಿತ್ತು. ಆಮೇಲೆ ತಲೆಯಾಡಿಸಿದ.

"ಹಾಗಾದ್ರೆ ನನ್ನ ಬುಟ್ಟಿನೂ..."

"ನಿನ್ನ ಬುಟ್ಟಿನೂ."

ಅವನು ಟೋಪಿ ಹಾಕಿಕೊಂಡ. ತೊಂದರೆ ಕೊಟ್ಟೆ, ಅಂದ. ಬಾಗಿಲನ್ನು ಸದ್ದಾಗದಂತೆ ಎಳೆದುಕೊಂಡು ಹೋದ. ಆಲ್ವೀನ ತುಂಡನ್ನು ಗುಜರಿಯ ಪೆಟ್ಟಿಗೆಗೆ ಹಾಕಿ, ಟ್ರೀನಾ ಅತ್ತೆ ತಂದಿಟ್ಟಿದ್ದ ಮುಂದಿನ ಬುಟ್ಟಿಯ ಬಟ್ಟೆ ಸರಿಸಿದಳು.

ಏವಾಲ್ಟ್ ಬೆಂಚಿನ ಮೇಲೆ ದಿನವೆಲ್ಲ ಕೂರುತ್ತಿದ್ದ. ಕೈಗೆ ಕೆಲಸವಿಲ್ಲದೆ ಮೊಣಕಾಲು ಉಜ್ಜಿಕೊಳ್ಳುತ್ತಿದ್ದ. ಒಲೆಯ ಮೇಲೆ ಏನಾದರೂ ಇಟ್ಟರೆ ತಡವಿ ಚೆಲ್ಲುತ್ತಿದ್ದ. ಬೇಸಗೆಯ ಹೊತ್ತಿಗೆ ಅವನ ಮಾತು ಕಮ್ಮಿಯಾಯಿತು. ಒಂದು ದಿನ ಆಲ್ವೀನ ಒಂದು ಪೆಟ್ಟಿಗೆಯಷ್ಟು ಅಲಗುಗಳನ್ನು ತಂದು ಅವನ ಮಡಿಲಿಗಿಟ್ಟಳು.

"ಉಗುರಿಗಿಟ್ಟು ನೋಡು. ಕಟ್ಟೇಲಿ ಕೆಲಸ ಜಾಸ್ತಿಯಾಗಿದೆ."

ಅವನ ಮುಖ ಅರಳಿತು. ಒಂದೊಂದನ್ನೇ ಎತ್ತಿ ಉಗುರಿಗಿಟ್ಟು, ಎಳೆದು, ಎಡಕ್ಕೋ ಬಲಕ್ಕೋ ಇಟ್ಟ. ಇದರದು ಬುಡದಲ್ಲಿ ದಪ್ಪ, ಇದು ಚೆನ್ನಾಗಿದೆ, ಇದು ಯಾರೋ ಹೊಸಬನದು ಅಂತ ಕಾಣುತ್ತೆ. ಮರುದಿನ ಪೆಟ್ಟಿಗೆ ಮತ್ತೆ ಬಂತು. ಅದರ ಮರುದಿನವೂ. ಟ್ರೀನಾ ಅತ್ತೆ ಕಾಫಿಗೆಂದು ಒಳಗೆ ಬಂದವಳು ಪೆಟ್ಟಿಗೆಯೊಳಗೆ ಇಣುಕಿ ನೋಡಿದಳು.

"ಇವು ಮಾರಾಟಕ್ಕೆ ಬರಲ್ಲ ಅಂತ ತೆಗೆದಿಟ್ಟವಲ್ವಾ? ಮೊನ್ನೆ ನೋಡಿದ್ನಲ್ಲ, ಇವೇ."

ಆಲ್ವೀನ ಅವಳಿಗೆ ಸಕ್ಕರೆಯ ಬಟ್ಟಲು ಸರಿಸಿದಳು. ಟ್ರೀನಾ ಎರಡು ಚಮಚ ಹಾಕಿಕೊಂಡು, ಮುದುಕನನ್ನು ನೋಡಿ, ನಕ್ಕಳು. ಹೊಳೆದಂಡೆಗೆ ಸುದ್ದಿ ಅವಳ ಬುಟ್ಟಿಯ ಜೊತೆಗೇ ಇಳಿಯಿತು. ಸಾಣೆಯವರು ಅಡುಗೆಮನೆಯ ಕಿಟಕಿಯ ಬಳಿ ಹಾಯುವಾಗ ನಿಂತು, "ಹೇಗಿದೆ ಯಜಮಾನ್ರೇ ಇವತ್ತಿನ ಮಾಲು?" ಎಂದು ಕೇಳತೊಡಗಿದರು. ಅವನು ಗಂಭೀರವಾಗಿ ಉತ್ತರ ಹೇಳುತ್ತಿದ್ದ.

ಶರತ್ಕಾಲದ ಒಂದು ಸಂಜೆ ಆಲ್ವೀನ ಪೆಟ್ಟಿಗೆ ತೆಗೆದುಕೊಳ್ಳಲು ಬಂದಾಗ ಅವನ ಬಲಗೈ ಹೆಬ್ಬೆರಳ ಉಗುರು ತಳದವರೆಗೆ ಸವೆದಿತ್ತು. ನಡುವೆ ಸೀಳಿ, ಅಲಗುಗಳ ಬಾಯಿಗೆ ರಕ್ತ ಹತ್ತಿತ್ತು.

"ಈ ಪೆಟ್ಟಿಗೆ ನಂಗೆ ಗೊತ್ತು," ಅಂದ ಏವಾಲ್ಟ್. "ಬುಡದಲ್ಲಿ ದಪ್ಪ ಇರೋದು ಮೂರನೇದು. ಮೊನೆ ಹತ್ರ ನಿಲ್ಲೋದು ಅದರ ಮುಂದಿನದು. ಮೊದಲನೇ ದಿನದಿಂದ ಗೊತ್ತು."

ಆಲ್ವೀನ ಪೆಟ್ಟಿಗೆಯ ಹಿಡಿಗೆ ಕೈ ಹಾಕಿದಳು.

"ಗೊತ್ತಿದ್ರೆ ಬಿಡು ಮತ್ತೆ. ನಾಳೆಯಿಂದ ತರಲ್ಲ."

ಅವನು ಎರಡೂ ಕೈಗಳಿಂದ ಪೆಟ್ಟಿಗೆಯನ್ನು ಅವಚಿಕೊಂಡ.

"ನಾನೆಲ್ಲಿ ಬೇಡ ಅಂದೆ? ಇರ್ಲಿ, ಇಡು. ಸುಮ್ನೆ ಅಂದೆ."

ಅವಳು ಹಿಡಿಯಿಂದ ಕೈ ತೆಗೆದಳು. ಪೆಟ್ಟಿಗೆಯನ್ನು ಅವನ ಮಡಿಲಲ್ಲೇ ಬಿಟ್ಟು, ನೋಡಿ ಮುಗಿದ ಅಲಗುಗಳನ್ನು ಎರಡೂ ಕಡೆಯಿಂದ ಒಟ್ಟುಮಾಡಿ ಮತ್ತೆ ಅದರೊಳಗೆ ಸುರಿದಳು.

ಏವಾಲ್ಟ್ ಎಡಗೈಯ ಹೆಬ್ಬೆರಳನ್ನು ಮುಂದೆ ಮಾಡಿ, ಮೊದಲ ಅಲಗನ್ನು ಎತ್ತಿಕೊಂಡ.